ರಾತ್ರಿ ಒಗೆದರೆ ಬೆಳಿಗ್ಗೆ ಒಣಗಬೇಕು: ಕೆಲಸ ಬದಲಿಸುವವರಿಗೆ ಆಫೀಸ್ ಬಟ್ಟೆಯ ಲೆಕ್ಕ

ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ 11 ವರ್ಷ ಲೆಕ್ಕ ಬರೆದವನು ನಾನು. ಅಲ್ಲಿ ಯಾರೂ ನಿಮ್ಮ ಬಟ್ಟೆ ನೋಡುವುದಿಲ್ಲ. ಅರ್ಧ ತೋಳಿನ ಅಂಗಿ, ಅಡಿಕೆ ಧೂಳು ಕೂತರೂ ಗೊತ್ತಾಗದ ಕಂದು ಪ್ಯಾಂಟು, ಕಾಲಿಗೆ ಹವಾಯಿ ಚಪ್ಪಲಿ, ಮುಗೀತು. ನಲವತ್ತು ಹತ್ತಿರ ಬರುವಾಗ ಕೆಲಸ ಬದಲಿಸಿದೆ. ಈಗ ಕಾರವಾರದಲ್ಲಿ ಮನೆ ಸಾಲ ಕೊಡುವ ಒಂದು ಕಂಪನಿಯಲ್ಲಿದ್ದೇನೆ.

ಇಂಟರ್‌ವ್ಯೂ ಇದ್ದದ್ದು ಜೂನ್ ತಿಂಗಳಲ್ಲಿ. ಊರಲ್ಲಿ ನಾಲ್ಕು ದಿನದಿಂದ ಬಿಟ್ಟೂಬಿಡದೆ ಮಳೆ. ಇದ್ದ ಒಂದೇ ಬಿಳಿ ಅಂಗಿ ಹಿಂದಿನ ದಿನ ಒಗೆದದ್ದು ಒಣಗಲಿಲ್ಲ ಅಂತ ಆಯಿ ಅದನ್ನು ಬಚ್ಚಲ ಒಲೆ ಮೇಲಿನ ಗಳಕ್ಕೆ ಹಾಕಿದ್ದಳು. ಬೆಳಿಗ್ಗೆ ಗರಿಗರಿ ಆಗಿತ್ತು. ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿದು ಕಾರವಾರ ಮುಟ್ಟುವವರೆಗೂ ನನಗೇನೂ ಅನ್ನಿಸಲಿಲ್ಲ, ಬಸ್ಸಲ್ಲಿದ್ದ ಅರ್ಧ ಜನರ ಬಟ್ಟೆಗೂ ಅದೇ ವಾಸನೆ. ಎಸಿ ರೂಮಿನ ಬಾಗಿಲು ಹಾಕಿದ ಮೇಲೆ ಗೊತ್ತಾಯಿತು. ಎದುರು ಕೂತ ಸಾಹೇಬರು ಒಮ್ಮೆ ಮೂಗೆಳೆದು, "ಮನೇಲಿ ಇವತ್ತು ಏನಾದ್ರೂ ಹೋಮ ಇತ್ತಾ?" ಅಂತ ಕೇಳಿದರು. "ಇತ್ತು ಸಾರ್" ಅಂದುಬಿಟ್ಟೆ. ಕೆಲಸ ಸಿಕ್ಕಿತು, ಅದು ಬೇರೆ ಮಾತು.

ಅಲ್ಲಿಂದ ಮುಂದೆ ಬಟ್ಟೆ ವಿಷಯದಲ್ಲಿ ಮಾಡಬಾರದ್ದೆಲ್ಲ ಮಾಡಿ, ದುಡ್ಡು ಕಳೆದು, ಎರಡು ಮಳೆಗಾಲ ಕಳೆದ ಮೇಲೆ ಒಂದು ಹದಕ್ಕೆ ಬಂದಿದ್ದೇನೆ. ನಮ್ಮ ಜಿಲ್ಲೆಯಲ್ಲಿ ವಖಾರಿ, ಶಾಲೆ, ಅಂಗಡಿ ಬಿಟ್ಟು ಬ್ಯಾಂಕು, ವಿಮೆ, ರೆಸಾರ್ಟು, ಆಸ್ಪತ್ರೆ ಆಫೀಸು ಅಂತ ಹೋಗುತ್ತಿರುವವರು ಸುಮಾರು ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯೂಟ್ಯೂಬಿನಲ್ಲಿ ಆಫೀಸ್ ಬಟ್ಟೆ ಬಗ್ಗೆ ಹೇಳುವವರೆಲ್ಲ ದಿಲ್ಲಿ, ಬೆಂಗಳೂರಿನವರು. ಅವರಿಗೆ ಒಣಗುವುದು ಅನ್ನುವ ಸಮಸ್ಯೆಯೇ ಇಲ್ಲ. ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದುಹೋಗುವ ಊರಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಚಂದ ಇದೆಯಾ ಅಂತ ಅಲ್ಲ. ರಾತ್ರಿ ಒಗೆದರೆ ಬೆಳಿಗ್ಗೆ ಹಾಕಿಕೊಳ್ಳಬಹುದಾ ಅಂತ. ಐದು ಅಂಗಿ ಇದ್ದು ಮೂರು ಯಾವಾಗಲೂ ಗಳದ ಮೇಲೆಯೇ ಇದ್ದರೆ ನಿಮ್ಮ ಹತ್ತಿರ ಇರುವುದು ಎರಡೇ ಅಂಗಿ, ಅಲ್ವಾ?

ಮೊದಲ 15 ದಿನ ಏನೂ ಕೊಳ್ಳಬೇಡಿ

ನಾನು ಮಾಡಿದ ದೊಡ್ಡ ತಪ್ಪು ಇದು. ಆರ್ಡರ್ ಕೈಗೆ ಬಂದ ವಾರವೇ ಹುಬ್ಬಳ್ಳಿಗೆ ಹೋಗಿ ಒಂದೇ ದಿನ ಐದು ಅಂಗಿ, ಎರಡು ಪ್ಯಾಂಟು, ಮೇಲೆ ಒಂದು ಕಪ್ಪು ಬ್ಲೇಜರ್ ತಂದೆ. ಬ್ಲೇಜರ್‌ಗೇ ಅರ್ಧ ದುಡ್ಡು. ಹಾಕಿದ್ದು ಒಂದೇ ದಿನ, ಕೆಲಸಕ್ಕೆ ಸೇರಿದ ದಿನ. ಆಫೀಸಿನಲ್ಲಿ ಬೇರೆ ಯಾರೂ ಬ್ಲೇಜರ್ ಹಾಕಿರಲಿಲ್ಲ, ಮ್ಯಾನೇಜರ್ ಕೂಡ. ಬಾಗಿಲಲ್ಲಿ ಕಾಯುತ್ತಿದ್ದ ಒಬ್ಬ ಅಜ್ಜ ನನ್ನನ್ನೇ ಮ್ಯಾನೇಜರ್ ಅಂದುಕೊಂಡು ಕೈಮುಗಿದ. ನಾಚಿಕೆ ಆಗಿ ಮಧ್ಯಾಹ್ನ ಊಟದ ನಂತರ ಕುರ್ಚಿಗೆ ನೇತುಹಾಕಿದವನು ಮತ್ತೆ ಹಾಕಲಿಲ್ಲ. ಕಪಾಟಿನಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಇಟ್ಟಿದ್ದೆ. ಚೌತಿ ಹೊತ್ತಿಗೆ ತೆಗೆದು ನೋಡಿದರೆ ಕಾಲರ್ ತುಂಬ ಬೂಷ್ಟು, ಬಿಳಿ-ಹಸಿರು, ಬೆಲ್ಲದ ಅಚ್ಚಿನ ಮೇಲೆ ಬಂದ ಹಾಗೆ.

ಹಾಗಾಗಿ ಹೇಳುತ್ತಿದ್ದೇನೆ. ಇದ್ದದ್ದರಲ್ಲಿ ನೆಟ್ಟಗಿರುವ ಎರಡು ಪ್ಯಾಂಟು, ಮೂರು ಅಂಗಿ ಇಸ್ತ್ರಿ ಮಾಡಿಸಿಕೊಂಡು ಹೋಗಿ. ಹೊಸದಾಗಿ ಬಂದವನು ಪದೇ ಪದೇ ಅದೇ ಅಂಗಿ ಹಾಕುತ್ತಾನೆ ಅಂತ ಯಾರೂ ಲೆಕ್ಕ ಇಡುವುದಿಲ್ಲ. ಆ 15 ದಿನ ಎರಡು ವಿಷಯ ನೋಡಿ. ಒಂದು, ನಿಮಗಿಂತ ಒಂದು ಮೆಟ್ಟಿಲು ಮೇಲಿರುವವರು ಮಾಮೂಲಿ ದಿನ ಏನು ಹಾಕುತ್ತಾರೆ. ಎರಡು, ನಿಮ್ಮ ದಿನಗಳು ನಿಜವಾಗಿ ಹೇಗೆ ಕಳೆಯುತ್ತವೆ.

ಎರಡನೆಯದನ್ನು ನಾನು ವಖಾರಿ ಬುದ್ಧಿಯಿಂದ ಒಂದು ಹಳೇ ಡೈರಿಯಲ್ಲಿ ಬರೆದಿಟ್ಟೆ. ತಿಂಗಳಿಗೆ 24 ದಿನ ಕೆಲಸ. ಅದರಲ್ಲಿ 12 ದಿನ ಫೀಲ್ಡು, ಅಂದರೆ ಬೈಕಿನಲ್ಲಿ ಸದಾಶಿವಗಡ, ಮಾಜಾಳಿ, ಅಮದಳ್ಳಿ, ಚೆಂಡಿಯಾ, ಆಚೆ ಕದ್ರಾ ಮಲ್ಲಾಪುರದವರೆಗೆ ಹೋಗಿ ಅರ್ಧ ಕಟ್ಟಿದ ಮನೆ ನೋಡಿ ಫೋಟೊ ತೆಗೆದು ಬರುವುದು. 10 ದಿನ ಟೇಬಲ್ಲು. ಹುಬ್ಬಳ್ಳಿ ಆಫೀಸಿನ ಮೀಟಿಂಗು ಬರೀ ಎರಡು ದಿನ. ನಾನು ದುಡ್ಡು ಸುರಿದದ್ದು ಆ ಎರಡು ದಿನಕ್ಕೆ! ಉಳಿದ 22 ದಿನಕ್ಕೆ ಸರಿಯಾದ ಬಟ್ಟೆಯೇ ಇರಲಿಲ್ಲ. ನಿಮ್ಮ ಲೆಕ್ಕ ಬೇರೆ ಇರಬಹುದು, ಆದರೆ ಬರೆದು ನೋಡದೆ ಅಂಗಡಿ ಮೆಟ್ಟಿಲು ಹತ್ತಬೇಡಿ.

ಮದುವೆಯಲ್ಲಿ ಕೊಟ್ಟ ಪೀಸುಗಳನ್ನು ಹೊರಗೆ ತೆಗೆಯಿರಿ

ನಮ್ಮ ಕಡೆ ಪ್ರತಿ ಮನೆಯಲ್ಲೂ ಒಂದು ಟ್ರಂಕು ಇರುತ್ತದೆ. ಮದುವೆ, ಉಪನಯನ, ಗೃಹಪ್ರವೇಶಕ್ಕೆ ಹೋದಾಗ ಉಡುಗೊರೆ ಬಂದ ಶರ್ಟ್ ಪೀಸು, ಪ್ಯಾಂಟ್ ಪೀಸು ಅದರಲ್ಲಿ ಕೂತಿರುತ್ತವೆ. ಅವು ಮುಂದಿನ ಮದುವೆಯಲ್ಲಿ ಇನ್ಯಾರಿಗೋ ಹೋಗುತ್ತವೆ, ಹೀಗೆ ಊರೆಲ್ಲ ಸುತ್ತುತ್ತವೆ. ನಮ್ಮ ಟ್ರಂಕಿನಲ್ಲಿ ಒಂಬತ್ತು ಇದ್ದವು. ಅದರಲ್ಲಿ ನಾಲ್ಕು ಕೆಲಸಕ್ಕೆ ಬಂದವು, ಹೊಲಿಗೆ ದುಡ್ಡು ಮಾತ್ರ ಕೊಟ್ಟೆ.

ಪೀಸು ಆರಿಸುವಾಗ ಮೊದಲು ಅಳತೆ ನೋಡಿ. 58 ಇಂಚು ಅಗಲದ ಬಟ್ಟೆಯಾದರೆ ಪೂರ್ತಿ ತೋಳಿನ ಅಂಗಿಗೆ 1.6 ಮೀಟರ್, ಪ್ಯಾಂಟಿಗೆ 1.2 ಮೀಟರ್ ಸಾಮಾನ್ಯ ಮೈಕಟ್ಟಿಗೆ ಸಾಕು. 36 ಇಂಚು ಅಗಲ ಇದ್ದರೆ ಅಂಗಿಗೆ ಎರಡೂಕಾಲು ಮೀಟರ್ ಬೇಕು. ಎತ್ತರ ಇದ್ದವರಿಗೆ, ಹೊಟ್ಟೆ ಬಂದವರಿಗೆ 1.2 ಸಾಲದೆ ಬರಬಹುದು, ಟೈಲರ್ ಹತ್ತಿರ ಮೊದಲೇ ಕೇಳಿ. ಪ್ಯಾಂಟ್ ಪೀಸಿನ ಅಂಚಿನ ಮೇಲೆ ಸಣ್ಣ ಅಕ್ಷರದಲ್ಲಿ ಮಿಲ್ಲಿನ ಹೆಸರು, ಕೆಲವೊಮ್ಮೆ ಯಾವ ನೂಲು ಎಷ್ಟು ಪಾಲು ಅಂತಲೂ ಬರೆದಿರುತ್ತದೆ. ಬರೆದಿಲ್ಲದಿದ್ದರೆ ಅಂಚಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಎರಡೂ ಕಂಡರೆ ಮಿಶ್ರ ನೂಲು. ನಮಗೆ ಬೇಕಾದದ್ದು ಅದೇ.

ಯಾಕೆ ಅಂದರೆ, ಶುದ್ಧ ಹತ್ತಿ ಮೈಗೆ ಹಿತ, ಆದರೆ ನೀರು ಕುಡಿದು ಕೂತರೆ ಬಿಡುವುದೇ ಇಲ್ಲ. ಜುಲೈನಲ್ಲಿ ದಪ್ಪ ಹತ್ತಿ ಅಂಗಿ ಒಣಗಲಿಕ್ಕೆ ಎರಡು ದಿನ, ಮೂರನೇ ದಿನಕ್ಕೆ ಮುಗ್ಗಲು ವಾಸನೆ. ಶುದ್ಧ ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಆದರೆ ಕಾರವಾರದ ಸೆಕೆಯಲ್ಲಿ ಬೆವರು ಹೀರುವುದಿಲ್ಲ, ಸಂಜೆ ಹೊತ್ತಿಗೆ ಪಕ್ಕದವರು ಕುರ್ಚಿ ಸರಿಸುತ್ತಾರೆ. ಅಂಗಿಗೆ ಹತ್ತಿ ಸ್ವಲ್ಪ ಜಾಸ್ತಿ ಇರುವ ತೆಳು ಮಿಶ್ರ ಬಟ್ಟೆ, ಪ್ಯಾಂಟಿಗೆ ಪಾಲಿಯೆಸ್ಟರ್ ಜಾಸ್ತಿ ಇರುವ ಟೆರಿ ವಿಸ್ಕೋಸ್. ನನ್ನ ಅನುಭವದಲ್ಲಿ ಇದೇ ಸರಿಹೋದದ್ದು. ಜೀನ್ಸ್ ಮಳೆಗಾಲದಲ್ಲಿ ಮರೆತುಬಿಡಿ, ಸೊಂಟದ ಪಟ್ಟಿ ನವರಾತ್ರಿಗೆ ಒಣಗೀತು.

ಶಿರಸಿ, ಸಿದ್ದಾಪುರ ಕಡೆಯವರಿಗೆ ಚಳಿಗಾಲಕ್ಕೆ ಕೈಮಗ್ಗದ ಅಂಗಿ ಒಳ್ಳೆಯದು. ಪಕ್ಕದ ಹೆಗ್ಗೋಡಿನ ಚರಕ ಅನ್ನುವ ಮಹಿಳೆಯರ ಕೈಮಗ್ಗ ಸಂಘದವರು ಅಡಿಕೆ ಚೊಗರಿನಿಂದಲೇ, ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ನೀರಿನಿಂದಲೇ, ಬಟ್ಟೆಗೆ ಬಣ್ಣ ಹಾಕುತ್ತಾರೆ. ನಾವು ಅದೇ ಚೊಗರಿನ ಕಲೆ ಹೋಗಲಿಲ್ಲ ಅಂತ ವರ್ಷಗಟ್ಟಲೆ ಬ್ರಷ್ ಹಾಕಿ ಉಜ್ಜಿದವರು, ನೋಡಿ! ಖಾದಿಯೂ ಡಿಸೆಂಬರಿನಿಂದ ಮೇವರೆಗೆ ಚಂದ, ಅಕ್ಟೋಬರ್ 2ರ ಹೊತ್ತಿಗೆ ಖಾದಿ ಭಂಡಾರಗಳಲ್ಲಿ ರಿಯಾಯಿತಿ ಇರುತ್ತದೆ. ಮಳೆಗಾಲಕ್ಕೆ ಎರಡೂ ಬೇಡ.

ಒಂದು ರಾತ್ರಿಯ ಪರೀಕ್ಷೆ

ಎಲ್ಲ ಪೀಸನ್ನೂ ಒಟ್ಟಿಗೆ ಹೊಲಿಸಬೇಡಿ. ಒಂದು ಅಂಗಿ, ಒಂದು ಪ್ಯಾಂಟು ಹೊಲಿಸಿ. ರಾತ್ರಿ 9ಕ್ಕೆ ಒಗೆದು, ಚೆನ್ನಾಗಿ ಹಿಂಡಿ, ಫ್ಯಾನಿನ ಕೆಳಗೆ ಹ್ಯಾಂಗರಿಗೆ ಹಾಕಿ. ಬೆಳಿಗ್ಗೆ 7ಕ್ಕೆ ಮೂರು ಕಡೆ ಮುಟ್ಟಿ ನೋಡಿ: ಕಾಲರ್ ಪಟ್ಟಿ, ಪ್ಯಾಂಟಿನ ಸೊಂಟದ ಪಟ್ಟಿ, ಜೇಬಿನ ಒಳಚೀಲ. ಉಳಿದದ್ದೆಲ್ಲ ಒಣಗಿದ್ದರೂ ಈ ಮೂರು ಒದ್ದೆ ಇರುತ್ತವೆ. ಇಸ್ತ್ರಿ ಹಾಕಿದರೆ ಹೋಗುವಷ್ಟು ತೇವ ಆದರೆ ಪರವಾಗಿಲ್ಲ. ಹಿಂಡಿದರೆ ನೀರು ಬರುವ ಹಾಗಿದ್ದರೆ ಆ ಬಟ್ಟೆ ಬೇಸಿಗೆಗೆ ಇರಲಿ.

ನನ್ನ ಮೊದಲ ಪ್ಯಾಂಟು ಸೋತದ್ದು ಜೇಬಿನಲ್ಲಿ. ಬಟ್ಟೆ ತೆಳು, ಆದರೆ ಟೈಲರ್ ಜೇಬಿಗೆ ದಪ್ಪ ಕೋರಾ ಬಟ್ಟೆ ಹಾಕಿದ್ದ. ಹೊರಗಿಂದ ಒಣಗಿದ ಹಾಗೆ ಕಾಣುವುದು, ಮೊಬೈಲ್ ಹಾಕಿದ ಹತ್ತು ನಿಮಿಷಕ್ಕೆ ತೊಡೆ ತಣ್ಣಗೆ. ಎರಡನೇ ಸಲ ಜೇಬಿಗೆ ತೆಳು ಮಿಶ್ರ ಬಟ್ಟೆ ಹಾಕಿ, ಸೊಂಟದ ಪಟ್ಟಿಗೆ ಒಳಗೆ ದಪ್ಪ ಕ್ಯಾನ್ವಾಸ್ ತುರುಕಬೇಡಿ ಅಂತ ಹೇಳಿದೆ. ಟೈಲರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೆಗಡೇರೇ, ಇದನ್ನ ಇಷ್ಟು ವರ್ಷದಲ್ಲಿ ಯಾರೂ ಕೇಳಿದ್ದಿಲ್ಲ" ಅಂದ. ಮಾಡಿಕೊಟ್ಟ.

ಕರಾವಳಿಯವರು ಇನ್ನೊಂದು ಹೇಳಿ ಮಾಡಿಸಿಕೊಳ್ಳಬೇಕು. ಪ್ಯಾಂಟಿನ ಕಬ್ಬಿಣದ ಹುಕ್ಕು ಉಪ್ಪು ಗಾಳಿಗೆ ಬೇಗ ತುಕ್ಕು ಹಿಡಿದು ಅಂಗಿಗೆ ಕಂದು ಕಲೆ ಮಾಡುತ್ತದೆ. ಹುಕ್ಕಿನ ಬದಲು ಗುಂಡಿ, ಲೋಹದ ಜಿಪ್ಪಿನ ಬದಲು ನೈಲಾನ್ ಜಿಪ್ಪು ಹಾಕಿಸಿ. ಹ್ಯಾಂಗರ್ ಕೂಡ ತಂತಿಯದ್ದು ಬೇಡ.

ಹೊಲಿಗೆಗೆ ಕೊಡುವ ಮೊದಲು ಹತ್ತಿ ಪಾಲು ಇರುವ ಬಟ್ಟೆಯನ್ನು ಒಂದು ರಾತ್ರಿ ಬಕೆಟಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ಕೊಡಿ. ಕುಗ್ಗುವುದು ಅಲ್ಲಿಯೇ ಕುಗ್ಗಲಿ. ಒಳಹೊಲಿಗೆಯಲ್ಲಿ ಒಂದಿಂಚು ಬಟ್ಟೆ ಬಿಡಿಸಿ. ಟೇಬಲ್ ಕೆಲಸಕ್ಕೆ ಬಂದ ಮೇಲೆ ಸೊಂಟ ಬೆಳೆಯುತ್ತದೆ, ನನ್ನದು ಒಂದು ವರ್ಷಕ್ಕೆ ಎರಡಿಂಚು. ಬೈಕ್ ಓಡಿಸುವವರು ಅಳತೆ ಕೊಡುವಾಗ ಒಮ್ಮೆ ಸ್ಟೂಲಿನ ಮೇಲೆ ಕಾಲು ಅಗಲಿಸಿ ಕೂತು ತೋರಿಸಿ. ನಿಂತಾಗ ಸರಿ ಇರುವ ಪ್ಯಾಂಟು ಬೈಕಿನ ಮೇಲೆ ಕೂತಾಗ ಮೊಣಕಾಲಿಗೆ ಬಿಗಿದು ಕಾಲುಚೀಲದ ಮೇಲಿನ ರೋಮ ಎಲ್ಲ ಕಾಣುತ್ತದೆ. ಅಂಗಿಯ ಉದ್ದವೂ ಹಾಗೇ, ಬಗ್ಗಿದರೆ ಇನ್‌ಶರ್ಟ್ ಹೊರಗೆ ಬರಬಾರದು.

ರೆಡಿಮೇಡ್ ಕೊಳ್ಳುವವರು ಭುಜ ಒಂದು ಸರಿಯಾಗಿ ನೋಡಿ. ಭುಜದ ಮೂಳೆ ಮುಗಿಯುವಲ್ಲಿ ಹೊಲಿಗೆ ಕೂರಬೇಕು. ಸೊಂಟ, ಉದ್ದ, ತೋಳು ಎಲ್ಲ ಆಮೇಲೆ ಸರಿ ಮಾಡಿಸಬಹುದು, ಭುಜ ಮಾತ್ರ ಬಿಚ್ಚಿ ಹೊಲಿಯಲು ಯಾವ ಟೈಲರೂ ಮನಸ್ಸು ಮಾಡುವುದಿಲ್ಲ. ನಾನು ಹುಬ್ಬಳ್ಳಿಯಿಂದ ತಂದ ಐದರಲ್ಲಿ ಎರಡು ಅಂಗಿ ಭುಜ ಜಾರಿ ತಮ್ಮನಿಗೆ ಹೋದವು. ಕಾರವಾರದವರು ಮಡಗಾಂವಿಗೆ, ಶಿರಸಿಯವರು ಹುಬ್ಬಳ್ಳಿಗೆ ಓಡುವುದು ರೂಢಿ. ಆದರೆ ಬದಲಿಸಿ ತರಲು ಇನ್ನೊಂದು ದಿನದ ರಜೆ, ಬಸ್ ಚಾರ್ಜು ಲೆಕ್ಕ ಹಾಕಿದರೆ ಊರಿನ ಅಂಗಡಿಯೇ ಸಸ್ತಾ ಬೀಳುತ್ತದೆ. ಚೌತಿ, ದೀಪಾವಳಿ, ಮದುವೆ ಸೀಸನ್ ಹತ್ತಿರ ಇರುವಾಗ ಟೈಲರ್ ಹತ್ತಿರ ಹೋಗಬೇಡಿ. "ನಾಡಿದ್ದು" ಅನ್ನುವ ಮಾತಿಗೆ ಆಗ ಅರ್ಥವೇ ಇರುವುದಿಲ್ಲ.

ಬಣ್ಣ: 3 ಪ್ಯಾಂಟು, 5 ಅಂಗಿ

ಮೂರು ಪ್ಯಾಂಟು, ಐದು ಅಂಗಿ. ಎಲ್ಲ ಅಂಗಿಯೂ ಎಲ್ಲ ಪ್ಯಾಂಟಿಗೂ ಹೊಂದಿದರೆ 15 ಜೋಡಿ. ಒಂದು ಅಂಗಿ ಒಂದೇ ಪ್ಯಾಂಟಿಗೆ ಹೊಂದುವಂಥದ್ದು ಬಂತು ಅಂದರೆ ಅಲ್ಲಿಗೆ ಎರಡು ಜೋಡಿ ಹೋಯಿತು. ಹಾಗಾಗಿ ಅಂಗಡಿಯಲ್ಲಿ ಅಂಗಿ ಇಷ್ಟವಾದಾಗ, ಮನೆಯಲ್ಲಿರುವ ಮೂರೂ ಪ್ಯಾಂಟಿನ ಮೇಲೆ ಇದು ನಿಲ್ಲುತ್ತದಾ ಅಂತ ಕೇಳಿಕೊಳ್ಳಿ. ಇಲ್ಲ ಅಂದರೆ ಎಷ್ಟೇ ಸಸ್ತಾ ಇದ್ದರೂ ಬೇಡ.

ನನ್ನ ಮೂರು ಪ್ಯಾಂಟು ಹೀಗಿವೆ: ಗಾಢ ಬೂದು, ಗಾಢ ನೀಲಿ, ಇನ್ನೊಂದು ಒದ್ದೆ ಮಣ್ಣಿನ ಥರದ ಕಂದು. ಕೊನೆಯದು ಫೀಲ್ಡಿಗೆ. ಚಿರೆಕಲ್ಲಿನ ಕೆಂಪು ಕೆಸರು ಒಮ್ಮೆ ಸಿಡಿದರೆ ತಿಳಿ ಬಣ್ಣದ ಪ್ಯಾಂಟಿನಿಂದ ಹೋಗುವುದಿಲ್ಲ. ಕೆನೆ ಬಣ್ಣದ ಪ್ಯಾಂಟು ಹಾಕಿ ಕದ್ರಾ ರಸ್ತೆಯಲ್ಲಿ ಬೈಕ್ ಓಡಿಸಿ ಬಂದ ದಿನ ಆಫೀಸಿನ ಹುಡುಗರು ನನ್ನನ್ನು ನೋಡಿ, "ಸಾರ್, ಗದ್ದೆ ನಾಟಿ ಮುಗೀತಾ?" ಅಂದರು.

ಅಂಗಿಗೆ ಬಂದರೆ ಬೆವರಿನ ಲೆಕ್ಕ. ತಿಳಿ ನೀಲಿ ಮತ್ತು ನಡು ಬೂದು ಬಣ್ಣದ ಮೇಲೆ ಬೆವರು ಕಲೆ ತುಂಬ ಎದ್ದು ಕಾಣುತ್ತದೆ, ಕಂಕುಳಲ್ಲಿ ಭೂಪಟ ಬರೆದ ಹಾಗೆ. ಬಿಳಿ ಮತ್ತು ಗಾಢ ನೀಲಿಯಲ್ಲಿ ಕಾಣುವುದು ಕಡಿಮೆ. ಸಣ್ಣ ಗೆರೆ, ಸಣ್ಣ ಚೌಕಳಿ ಇದ್ದರೂ ಮುಚ್ಚಿಹೋಗುತ್ತದೆ. ನಾನು ಇಟ್ಟುಕೊಂಡದ್ದು ಎರಡು ಬಿಳಿ, ಒಂದು ನೀಲಿ ಗೆರೆಯದ್ದು, ಒಂದು ಸಣ್ಣ ಚೌಕಳಿ, ಒಂದು ಗಾಢ ನೀಲಿ. ಗಾಢ ನೀಲಿ ಅಂಗಿ ಗಾಢ ನೀಲಿ ಪ್ಯಾಂಟಿಗೆ ಹೊಂದುವುದಿಲ್ಲ, ಗೊತ್ತು, ಅಲ್ಲಿಗೆ ನನ್ನದು 14 ಜೋಡಿಯೇ. ಆ ಅಂಗಿ ಆಯಿಗೆ ಇಷ್ಟ, ಬಿಡಿ. ಬಣ್ಣ ನೋಡುವಾಗ ಅಂಗಡಿಯ ಟ್ಯೂಬ್‌ಲೈಟನ್ನು ನಂಬಬೇಡಿ, ಅದರ ಕೆಳಗೆ ಕಪ್ಪು ಮತ್ತು ಗಾಢ ನೀಲಿ ಒಂದೇ. ಬಟ್ಟೆ ಹಿಡಿದುಕೊಂಡು ರಸ್ತೆಗೆ ಬನ್ನಿ. ಅಂಗಡಿಯವರಿಗೆ ಇದು ಅಭ್ಯಾಸ.

ಪೂರ್ತಿ ತೋಳೋ ಅರ್ಧ ತೋಳೋ? ಪೂರ್ತಿ. ಬೇಕಾದಾಗ ಮಡಚಬಹುದು, ಅರ್ಧ ತೋಳನ್ನು ಉದ್ದ ಮಾಡಲು ಬರುವುದಿಲ್ಲ.

ಕಾಲಿನ ಕಥೆ

ಇದನ್ನು ಯಾರೂ ಹೇಳುವುದಿಲ್ಲ. ನಮ್ಮ ಕೆಲಸದಲ್ಲಿ ದಿನಕ್ಕೆ ಐದಾರು ಮನೆಗೆ ಹೋಗುತ್ತೇವೆ, ಐದಾರು ಸಲ ಜಗಲಿ ಕೆಳಗೆ ಶೂ ಬಿಚ್ಚುತ್ತೇವೆ. ಲೇಸ್ ಇರುವ ಶೂ ತೆಗೆದುಕೊಂಡು ನಾನು ಮೊದಲ ತಿಂಗಳು ಜನರ ಮನೆ ಬಾಗಿಲಲ್ಲಿ ಬಗ್ಗಿ ನಿಂತೇ ಕಳೆದೆ. ಅದಕ್ಕಿಂತ ಕಷ್ಟ ಕಾಲುಚೀಲದ್ದು. ಅಮದಳ್ಳಿ ಕಡೆ ಒಂದು ಮನೆಯಲ್ಲಿ ಸಾಲದ ಫಾರ್ಮ್ ತುಂಬಿಸುತ್ತಾ ಚಾಪೆಯ ಮೇಲೆ ಕೂತಿದ್ದೇನೆ, ಆ ಮನೆಯ ಪುಟ್ಟ ಹುಡುಗಿ ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದಾಳೆ. ಚೀಲದ ತೂತಿನಿಂದ ಅದು ಹೊರಗೆ ಬಂದಿತ್ತು. ಮನೆ ಯಜಮಾನಿ ನಗು ತಡೆದುಕೊಂಡು ಚಾ ತರಲು ಒಳಗೆ ಹೋದರು. ಲಕ್ಷಗಟ್ಟಲೆ ಸಾಲದ ಮಾತಾಡುವವನ ಕಾಲುಚೀಲ ಅದು!

ಹಾಗಾಗಿ ಲೇಸಿಲ್ಲದ, ರಬ್ಬರ್ ಅಟ್ಟೆಯ ಒಂದು ಕಪ್ಪು ಶೂ. ಗಾಢ ಬಣ್ಣದ, ಎಲ್ಲವೂ ಒಂದೇ ಥರದ ಆರು ಜೊತೆ ಕಾಲುಚೀಲ. ಒಂದು ಹರಿದರೂ ಉಳಿದದ್ದು ಇನ್ನೊಂದಕ್ಕೆ ಜೋಡಿ ಆಗುತ್ತದೆ. ಮಳೆಗಾಲದಲ್ಲಿ ಮನೆಯಿಂದ ಆಫೀಸಿಗೆ ರಬ್ಬರ್ ಚಪ್ಪಲಿಯಲ್ಲೇ ಹೋಗಿ, ಶೂ ಟೇಬಲ್ ಕೆಳಗೆ ಇರಲಿ. ಒದ್ದೆಯಾದರೆ ಒಳಗೆ ಹಳೇ ಪೇಪರ್ ತುರುಕಿ, ಎರಡು ತಾಸಿಗೊಮ್ಮೆ ಬದಲಿಸಿ. ಬಿಸಿಲಿಗಾಗಲಿ ಒಲೆ ಹತ್ತಿರ ಆಗಲಿ ಇಡಬೇಡಿ, ಚರ್ಮ ಬಿರಿಯುತ್ತದೆ. ಚರ್ಮದ ಶೂಗೆ ಜುಲೈನಲ್ಲಿ ವಾರಕ್ಕೊಮ್ಮೆ ಪಾಲಿಶ್ ಹಚ್ಚಲೇಬೇಕು, ಇಲ್ಲ ಅಂದರೆ ಅದರ ಮೇಲೂ ಬೂಷ್ಟು. ಬೆಲ್ಟು ಶೂ ಬಣ್ಣದ್ದೇ ಇರಲಿ, ಒಂದು ಸಾಕು.

ತಂಗಿ ಹೇಳಿದ್ದು

ನನ್ನ ತಂಗಿ ಕುಮಟಾದಲ್ಲಿ ಶಾಲೆ ಕೆಲಸ ಬಿಟ್ಟು ವಿಮೆ ಆಫೀಸಿಗೆ ಸೇರಿದಳು. ಅವಳ ಸಮಸ್ಯೆ ನನ್ನದಕ್ಕೆ ಉಲ್ಟಾ, ಬಟ್ಟೆ ಜಾಸ್ತಿ ಇತ್ತು. ಇಪ್ಪತ್ತು ಚಿಲ್ಲರೆ ಸೀರೆ, ಪ್ರತಿಯೊಂದಕ್ಕೂ ಅದರದ್ದೇ ಕುಪ್ಪಸ, ಅದರಲ್ಲಿ ಅರ್ಧ ಬಿಗಿ. ಅವಳು ಮಾಡಿದ ಬುದ್ಧಿವಂತಿಕೆ ಏನಂದರೆ ಸೀರೆ ಮುಟ್ಟಲಿಲ್ಲ, ಕುಪ್ಪಸ ಮಾತ್ರ ಹೊಸದಾಗಿ ನಾಲ್ಕು ಹೊಲಿಸಿದಳು: ಕಪ್ಪು, ಮರೂನು, ಬಾಟಲಿ ಹಸಿರು, ಮಾಸಲು ಬಿಳಿ. ಇಪ್ಪತ್ತರಲ್ಲಿ ಹದಿನಾರು ಸೀರೆ ಆ ನಾಲ್ಕರಲ್ಲಿ ಒಂದಕ್ಕೆ ಹೊಂದಿದವು. ಪಕ್ಕದಲ್ಲಿ ಎರಡೂ ಕಡೆ ಬಟ್ಟೆ ಬಿಡಿಸಿದ್ದಾಳೆ.

ಗಂಜಿ ಹಾಕಿದ ಕಾಟನ್ ಸೀರೆ ಮಳೆಗಾಲಕ್ಕೆ ಅಲ್ಲ, ಬಸ್ ಸ್ಟ್ಯಾಂಡ್ ಮುಟ್ಟುವುದರೊಳಗೆ ಗಂಜಿ ಇಳಿದುಹೋಗುತ್ತದೆ, ಅಂಚು ಕೆಸರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವಳದ್ದು ನಾಲ್ಕು ಕುರ್ತಾ, ಎರಡು ಕಡು ಬಣ್ಣದ ನೇರ ಪ್ಯಾಂಟು, ಪಾದದ ಗಂಟಿಗಿಂತ ಸ್ವಲ್ಪ ಮೇಲೆ ನಿಲ್ಲುವಂಥದ್ದು. ಸೀರೆಯ ಮರ್ಯಾದೆ ಬೇಕಾದ ದಿನಕ್ಕೆ ಎರಡು ಇಳಕಲ್ ಇವೆ. ಅವುಗಳ ಮೇಲೆ ಬೇರೆ ಏನೂ ಬೇಡ ಅನ್ನುತ್ತಾಳೆ, ನನಗೂ ಹಾಗೇ ಅನ್ನಿಸುತ್ತದೆ. ಅವಳು ಒತ್ತಿ ಹೇಳಿದ ಎರಡು ಮಾತು: ಕುರ್ತಾಕ್ಕೆ ಪಕ್ಕದ ಹೊಲಿಗೆಯಲ್ಲಿ ಜೇಬು ಇಡಿಸಿ, ಟೈಲರ್ ಮೂಗು ಮುರಿದರೂ ಬಿಡಬೇಡಿ. ಸ್ಕೂಟಿಯಲ್ಲಿ ಹೋಗುವವರು ವೇಲ್ ಬದಲು ಸಣ್ಣ ಕೋಟಿನ ಥರದ್ದು ಹಾಕಿ, ವೇಲ್ ಚಕ್ರಕ್ಕೆ ಸಿಕ್ಕಿದರೆ ಜೀವಕ್ಕೇ ಬರುತ್ತದೆ.

ಇಟ್ಟುಕೊಳ್ಳುವುದು ಹೇಗೆ

ಬಟ್ಟೆ ಕೊಳ್ಳುವುದಕ್ಕಿಂತ ಇಲ್ಲಿ ಕಾಪಾಡುವುದೇ ದೊಡ್ಡ ಕೆಲಸ. ಪ್ಲಾಸ್ಟಿಕ್ ಕವರ್ ಮೊದಲು ಕಿತ್ತುಹಾಕಿ, ಅದು ಒಳಗಿನ ತೇವವನ್ನು ಹಿಡಿದು ಬೂಷ್ಟಿಗೆ ಮನೆ ಮಾಡಿಕೊಡುತ್ತದೆ. ಹಳೇ ಪಂಚೆಯಲ್ಲಿ ಸುತ್ತಿಡಿ. ಕಪಾಟನ್ನು ಗೋಡೆಗೆ ಅಂಟಿಸಿ ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ, ನಮ್ಮ ಗೋಡೆಗಳು ಮಳೆಗಾಲದಲ್ಲಿ ಬೆವರುತ್ತವೆ. ನುಸಿ ಗುಳಿಗೆ ಹುಳಕ್ಕೆ ಮಾತ್ರ, ಬೂಷ್ಟಿಗೆ ಅದರಿಂದ ಏನೂ ಆಗುವುದಿಲ್ಲ, ವಾಸನೆ ಮಾತ್ರ ಆಫೀಸಿನವರೆಗೆ ಬರುತ್ತದೆ. ಕೆಲವರು ಕಪಾಟಿನೊಳಗೆ ಬಲ್ಬ್ ಉರಿಸಿಡುತ್ತಾರೆ. ಬಟ್ಟೆಗೆ ತಾಗಿದರೆ ಬೆಂಕಿ, ಅದು ಬೇಡ. ಆಷಾಢದಲ್ಲಿ ಅಪರೂಪಕ್ಕೆ ಬಿಸಿಲು ಬಿದ್ದ ದಿನ ಕಪಾಟಿನ ಬಾಗಿಲು ಪೂರ್ತಿ ತೆಗೆದಿಡಿ, ಎಲ್ಲ ಬಟ್ಟೆ ಒಂದು ತಾಸು ಹೊರಗೆ ಗಾಳಿಗೆ ಹಾಕಿ.

ಬೂಷ್ಟು ಬಂದೇ ಬಿಟ್ಟರೆ ಮನೆಯೊಳಗೆ ಕೊಡವಬೇಡಿ. ಅಂಗಳಕ್ಕೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣ ಬ್ರಷ್ಷಿನಿಂದ ಉಜ್ಜಿ. ಆಮೇಲೆ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಬಟ್ಟೆಯ ಚೂರಿನಲ್ಲಿ ಅದ್ದಿ ಒರೆಸಿ, ಬಿಸಿಲಿಗೆ ಹಾಕಿ. ಮೊದಲು ಕಾಣದ ಒಳಭಾಗದಲ್ಲಿ ಒರೆಸಿ ಬಣ್ಣ ಬಿಡುತ್ತದಾ ನೋಡಿಕೊಳ್ಳಿ. ಬಚ್ಚಲ ಒಲೆ ಮೇಲೆ, ಅಡಿಕೆ ಒಣಗಿಸುವ ಅಟ್ಟದ ಮೇಲೆ ಆಫೀಸ್ ಬಟ್ಟೆ ಹಾಕಬೇಡಿ. ಆಯಿಗೆ ಇದನ್ನು ಹೇಳಿ ಒಪ್ಪಿಸಲು ನನಗೆ ಒಂದು ವರ್ಷ ಬೇಕಾಯಿತು. "ಹೊಗೆಯೇನು ಹೊಲಸಾ?" ಅನ್ನುವುದು ಅವಳ ಪ್ರಶ್ನೆ, ಅದಕ್ಕೆ ನನ್ನ ಹತ್ತಿರ ಈಗಲೂ ಉತ್ತರ ಇಲ್ಲ.

ದುಡ್ಡು ಯಾವಾಗ, ಯಾವುದಕ್ಕೆ

ಮೊದಲ ಸಂಬಳಕ್ಕೆ ಪ್ಯಾಂಟು, ಎರಡು. ಅಂಗಿ ಹಳತಾದರೂ ನಡೆಯುತ್ತದೆ, ಜೋತುಬಿದ್ದ ಪ್ಯಾಂಟು ನಡೆಯುವುದಿಲ್ಲ. ಎರಡನೇ ಸಂಬಳಕ್ಕೆ ಶೂ ಮತ್ತು ಒಂದು ಒಳ್ಳೆಯ ರೇನ್‌ಕೋಟು. ರೇನ್‌ಕೋಟಿನಲ್ಲಿ ಜುಗ್ಗತನ ಮಾಡಬೇಡಿ, ಅದರೊಳಗೆ ನಿಮ್ಮ ಉಳಿದ ಬಟ್ಟೆಯೆಲ್ಲ ಇರುತ್ತದೆ. ಜೊತೆಗೆ ಕಾಗದಪತ್ರ ಒದ್ದೆಯಾಗದ ಬ್ಯಾಗು. ಮೂರನೇ ತಿಂಗಳಿಂದ ತಿಂಗಳಿಗೊಂದು ಅಂಗಿ, ಸಾಕು ಅನ್ನಿಸುವವರೆಗೆ. ಮೂರನೇ ಪ್ಯಾಂಟು ದೀಪಾವಳಿ ಕಳೆದ ಮೇಲೆ, ಆಗ ನಿಮ್ಮ ಸೊಂಟ ಎಲ್ಲಿ ನಿಂತಿದೆ ಅಂತಲೂ ಗೊತ್ತಾಗಿರುತ್ತದೆ. ಆಫೀಸಿನ ಡ್ರಾಯರಿನಲ್ಲಿ ಇಸ್ತ್ರಿ ಮಾಡಿದ ಒಂದು ಬಿಳಿ ಅಂಗಿ ಸದಾ ಇರಲಿ. ಮಧ್ಯಾಹ್ನ ಮಳೆಯಲ್ಲಿ ನೆಂದು ಬಂದ ದಿನ, ಸಾಹೇಬರು ಇದ್ದಕ್ಕಿದ್ದ ಹಾಗೆ ಹುಬ್ಬಳ್ಳಿಗೆ ಹೊರಡು ಅಂದ ದಿನ, ಅದೇ ದೇವರು.

ಹಳೇ ಬಟ್ಟೆ ಎಸೆಯಬೇಡಿ. ನನ್ನ ಚೊಗರಿನ ಕಲೆಯ ಅಂಗಿಗಳು ಊರಲ್ಲೇ ಇವೆ, ಕೊಯ್ಲಿಗೆ ರಜೆ ಹಾಕಿ ಹೋದಾಗ ಅವೇ ಬೇಕು.

ಬ್ಲೇಜರ್ ಮಾತ್ರ ಇನ್ನೂ ಕಪಾಟಿನಲ್ಲಿದೆ. ಸೈಜು 40, ಒಂದೇ ಸಲ ಹಾಕಿದ್ದು, ಕಾಲರ್ ವಿನೆಗರ್ ಹಾಕಿ ಉಜ್ಜಿ ಬಿಸಿಲಿಗೆ ಇಟ್ಟಿದ್ದೇನೆ. ಭಾವ ತನ್ನ ಮಗನ ರಿಸೆಪ್ಷನ್ನಿಗೆ ಆಗುತ್ತದಾ ಅಂತ ಹಾಕಿ ನೋಡಿದ, ಗುಂಡಿ ಕೂರಲಿಲ್ಲ. ಯಾರಿಗಾದರೂ ಬೇಕಾದರೆ ಹೇಳಿ, ಶನಿವಾರ ಶಿರಸಿಗೆ ಬರುವಾಗ ತರುತ್ತೇನೆ.